ಗುರುವಾರ ಬರದ ಹಾಗೆ

"ಎಡಕ್ಕೆ! ಎಡಕ್ಕೆ ಅಂದೆ ಮಿಲಾದ್. ಎಡಗೈ ಯಾವುದು ಅಂತ ನಿನಗೆ ಇನ್ನೂ ಗೊತ್ತಾಗಲಿಲ್ವಾ?"

ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹೊತ್ತ ಆರು ಜನರಲ್ಲಿ ಇಬ್ಬರು ಗೋಡೆಗೆ ಅಂಟಿಕೊಂಡು ನಿಂತಿದ್ದರು, ಒಬ್ಬ ಕೆಳಗಿನ ಮೆಟ್ಟಿಲಲ್ಲಿ ಮಂಡಿಯೂರಿ ಹೆಗಲು ಕೊಟ್ಟಿದ್ದ. ಮೇಲೆ ಕೈಗೋಲು ಊರಿ ನಿಂತ ಮದಾಮ್ ಓಲ್ಗಾ ಶಾಲೆಯಲ್ಲಿ ಬೆಂಚು ಸಾಗಿಸುವಾಗ ಕೂಗುತ್ತಿದ್ದ ಹಾಗೆಯೇ ಕೂಗುತ್ತಿದ್ದರು. ಅವರಿಗೆ ಎಪ್ಪತ್ತೊಂಬತ್ತು. ಮುಖ್ಯೋಪಾಧ್ಯಾಯಿನಿಯ ಕೆಲಸ ಬಿಟ್ಟು ಹತ್ತೊಂಬತ್ತು ವರ್ಷ ಆಗಿತ್ತು. ಆದರೆ ಹೊತ್ತವರೆಲ್ಲ ಅವರ ಶಾಲೆಯಲ್ಲೇ ಓದಿದವರು. ಮಿಲಾದನಿಗೆ ತಲೆ ಬೋಳಾಗಿದೆ, ಸ್ವಂತ ಔಷಧದ ಅಂಗಡಿ ಇದೆ, ಮೂವರು ಮಕ್ಕಳಿದ್ದಾರೆ. ಆದರೂ "ಆಯ್ತು ಮದಾಮ್" ಎಂದು ತಲೆ ತಗ್ಗಿಸಿ ಎಡಕ್ಕೆ ಸರಿದ.

"ಸ್ವಲ್ಪ ನೆಟ್ಟಗೆ ನಿಲ್ಲಿಸಿಬಿಟ್ರೆ ತಿರುಗುತ್ತೆ," ಅಂದ ಒಬ್ಬ.

"ನಿಲ್ಲಿಸೋದಾ? ಇನ್ಸಾಫ್‌ನ ನಿಲ್ಲಿಸ್ತೀಯಾ? ಅದೇನು ಬೀರುವಾ? ನಿನಗೆ ಅಕ್ಷರ ಕಲಿಸಿದವಳು ಕಣೋ ಒಳಗಿರೋದು."

ಸತ್ತವಳ ಅತ್ತಿಗೆ ಸುವಾದ್ ಬಾಗಿಲಲ್ಲಿ ನಿಂತು ಬಿಕ್ಕಿದಳು. "ಇಷ್ಟು ವರ್ಷ ಈ ಮನೇಲಿದ್ದು ಒಂದಿನ ಯಾರ ದಾರಿಗೂ ಅಡ್ಡ ಬಂದವಳಲ್ಲ. ಇವತ್ತು ನೋಡಿ."

ಕೊನೆಗೆ ಕೆಳಗಿನ ಇಸ್ತ್ರಿ ಅಂಗಡಿಯ ಹಾಜಿ ಸಾಬಿರ್ ಸ್ಪ್ಯಾನರ್ ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದ. ಮೆಟ್ಟಿಲ ಕಂಬಿಯ ನಾಲ್ಕು ಬೋಲ್ಟು ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಪೆಟ್ಟಿಗೆ ಅಲುಗದೆ ತಿರುಗಿ ಕೆಳಗಿಳಿಯಿತು. ಓಲ್ಗಾ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಅವರ ಕೈಚೀಲದಲ್ಲಿ ಮಡಿಸಿದ ಒಂದು ಹಾಳೆ ಇತ್ತು. ಚರ್ಚಿನಲ್ಲಿ ಎರಡು ಮಾತು ಹೇಳಬೇಕು ಎಂದು ಪಾದ್ರಿ ಅಬೂನಾ ಲೂಕಾ ಬೆಳಿಗ್ಗೆಯೇ ಕೇಳಿಕೊಂಡಿದ್ದರು. ಓಲ್ಗಾ ಅವರಲ್ಲದೆ ಬೇರೆ ಯಾರು ಹೇಳಬೇಕು? ಇನ್ಸಾಫ್ ಮದುವೆಯಾದವಳಲ್ಲ. ಅವಳ ಬದುಕೆಲ್ಲ ಒಂದನೇ ತರಗತಿಯ ಕೋಣೆಯಲ್ಲಿ, ಓಲ್ಗಾ ಅವರ ಕಣ್ಣ ಮುಂದೆಯೇ ಕಳೆದದ್ದು.

*

ಚರ್ಚಿನಲ್ಲಿ ಓಲ್ಗಾ ಅವರ ಪಕ್ಕ ಅಬ್ಲಾ ಕರೀಮಾ ಕೂತರು. ಈ ಊರಲ್ಲಿ ಮಕ್ಕಳು ಶಿಕ್ಷಕಿಯನ್ನು ಅಬ್ಲಾ ಎಂದೇ ಕರೆಯುತ್ತಾರೆ, ಅಕ್ಕ ಎಂದ ಹಾಗೆ. ಕರೀಮಾ ಅದೇ ಶಾಲೆಯಲ್ಲಿ ಅರಬ್ಬಿ ಪಾಠ ಹೇಳುತ್ತಿದ್ದವರು. ಧರ್ಮದ ಪಾಠದ ಹೊತ್ತಿಗೆ ಮುಸ್ಲಿಂ ಮಕ್ಕಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಕಲಿಸುತ್ತಿದ್ದವರೂ ಅವರೇ.

"ಅವಳ ಉಳಿದ ಆಯಸ್ಸು ನಿಮಗೆ ಸೇರಲಿ ಮದಾಮ್," ಎಂದು ಸಾವಿನಲ್ಲಿ ಹೇಳುವ ವಾಡಿಕೆಯ ಮಾತು ಹೇಳಿ ಕರೀಮಾ ಕೈ ಹಿಡಿದರು.

"ನಿಮಗೂ ಸೇರಲಿ. ಮಂಡಿ ಹೇಗಿದೆ?"

"ಮಂಡಿ ನನಗಿಂತ ಮೊದಲೇ ಹೋಗಿದೆ. ನಾನು ಹಿಂದೆ ಹೋಗ್ತಿದೀನಿ, ಅಷ್ಟೆ."

ಬಲಗಡೆಯ ಗೋಡೆಯುದ್ದಕ್ಕೂ ಶಾಲೆಯ ಮಕ್ಕಳು ಬಿಳಿ ಅಂಗಿ ತೊಟ್ಟು ನಿಂತಿದ್ದರು. ಈಗಿನ ಮುಖ್ಯೋಪಾಧ್ಯಾಯರು ಬೆರಳೆತ್ತಿದ್ದೇ ಕೀರ್ತನೆ ಶುರುವಾಯಿತು. ನಲವತ್ತು ಬಾಯಿ, ಒಂದೇ ದನಿ. ಉಸಿರು ತೆಗೆದುಕೊಳ್ಳುವಲ್ಲಿ ನಲವತ್ತು ಜನವೂ ಒಟ್ಟಿಗೆ ತೆಗೆದುಕೊಂಡರು. ಎಲ್ಲೂ ತಡೆಯಲಿಲ್ಲ, ಒಂದಕ್ಷರ ಹೆಚ್ಚು ಕಡಿಮೆ ಆಗಲಿಲ್ಲ.

"ನೋಡಿದಿರಾ?" ಓಲ್ಗಾ ಪಿಸುಗುಟ್ಟಿದರು. "ಇದು ಇನ್ಸಾಫ್ ಹಾಕಿದ ಅಡಿಪಾಯ."

ಕರೀಮಾ ಅವರ ಕಿವಿಯತ್ತ ಬಾಗಿದರು. "ನನಗೆ ನೆನಪಿರೋ ಇನ್ಸಾಫ್ ಇದಲ್ಲ ಮದಾಮ್. ಮೊದಮೊದಲು ಗೋಡೆ ಆಚೆಯಿಂದ ನಗು ಕೇಳ್ತಿತ್ತು. ನಮ್ಮ ಹುಡುಗರು ಪಾಠ ಬಿಟ್ಟು ಗೋಡೆಗೆ ಕಿವಿ ಕೊಡೋರು. ಒಬ್ಬ ಕೇಳೇಬಿಟ್ಟ, 'ಅಬ್ಲಾ, ಅವರು ಪ್ರಾರ್ಥನೆ ಮಾಡ್ತಿದಾರಾ, ಇಲ್ಲಾ ಕತೆ ಹೇಳ್ತಿದಾರಾ?' ಅಂತ. ಎರಡೂ ಒಂದೇ ಕಣೋ, ಸುಮ್ನೆ ಬರಿ ಅಂದೆ."

"ಆಗ ಹೊಸಬಳು. ಶಿಸ್ತು ಇರಲಿಲ್ಲ."

"ಹೊಸಬಳೇನು? ಹನ್ನೆರಡು ವರ್ಷ ಹಾಗೇ ನಡೀತು. ಆಮೇಲೆ ಒಂದಿನ ನಗು ನಿಂತುಹೋಯ್ತು. ಯಾಕೆ ಅಂತ ನಾನು ಕೇಳ್ಲಿಲ್ಲ. ನಿಮ್ಮ ಧರ್ಮದ ಪಾಠ, ನಿಮ್ಮ ಶಾಲೆ, ನಾನೇನು ಕೇಳೋದು? ಆದರೆ ಗೋಡೆ ಆಚೆ ತಣ್ಣಗಾಯ್ತು ಅಂತ ಅನ್ನಿಸ್ತಿತ್ತು."

ಓಲ್ಗಾ ತಲೆಯ ಮೇಲಿನ ಕಪ್ಪು ವಸ್ತ್ರವನ್ನು ಸರಿಮಾಡಿಕೊಂಡರು. ಅಷ್ಟರಲ್ಲಿ ಅಬೂನಾ ಲೂಕಾ ಅವರ ಕಡೆ ನೋಡಿ ತಲೆಯಾಡಿಸಿದರು. ಓಲ್ಗಾ ಎದ್ದು, ಪೆಟ್ಟಿಗೆಯ ಪಕ್ಕ ನಿಂತು, ಹಾಳೆ ಬಿಡಿಸಿ ಓದಿದರು. ಮೂವತ್ತು ವರ್ಷದ ಸೇವೆ. ಧರ್ಮಪ್ರಾಂತದ ಬಾಯಿಪಾಠ ಸ್ಪರ್ಧೆಯಲ್ಲಿ ಒಂಬತ್ತು ಸಲ ಮೊದಲ ಸ್ಥಾನ. ಕೊನೆಯ ಸಾಲು ಬರೆಯುವಾಗ ಅವರಿಗೆ ಬಹಳ ಇಷ್ಟವಾಗಿತ್ತು: "ನಮ್ಮ ಇನ್ಸಾಫ್ ಕೈಯಲ್ಲಿ ಕಲಿತ ಒಂದು ಮಗುವೂ ಕಲಿತ ಒಂದು ವಚನವನ್ನೂ ಮರೆತಿಲ್ಲ."

ಹಿಂದಿನ ಸಾಲಿನಲ್ಲಿ ಪುಟ್ಟ ಹುಡುಗಿಯೊಬ್ಬಳ ಕೈ ಹಿಡಿದು ಕೂತಿದ್ದ ಹೆಂಗಸು ಆ ಮಾತಿಗೆ ತಲೆಯೆತ್ತಿ ನೋಡಿದಳು. ಓಲ್ಗಾ ಅವರಿಗೆ ದೂರದ ಮುಖ ಕಾಣಿಸದು. ಹಾಳೆ ಮಡಿಸಿಕೊಂಡು ಬಂದು ಕೂತರು.

*

ಇಪ್ಪತ್ತೆಂಟು ವರ್ಷದ ಹಿಂದೆ ಒಂದನೇ ತರಗತಿಯಲ್ಲಿ ಧರ್ಮದ ಪಾಠ ಹೀಗೆ ನಡೆಯುತ್ತಿತ್ತು. ಇನ್ಸಾಫ್ ಮೊದಲು ಒಂದು ಕತೆ ಹೇಳುವಳು, ಕುರುಡನದೋ ಮೀನುಗಾರರದೋ. ಅದಾದ ಮೇಲೆ ಮಕ್ಕಳಿಗೆ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿ ನಿಲ್ಲುವಳು. ಅಲ್ಲಿಂದ ಅಂಗಳದ ನಲ್ಲಿ, ಅದರಾಚೆ ಖರ್ಜೂರದ ಎರಡು ಮರ ಕಾಣುತ್ತಿದ್ದವು. "ನಾನು ಕೇಳಿಸ್ಕೊಳ್ತಿಲ್ಲ ಅನ್ಕೊಳ್ಳಿ. ನೀವು ಯೇಸಪ್ಪನ ಹತ್ರ ಮಾತಾಡ್ಕೊಳ್ಳಿ," ಅನ್ನುವಳು.

ಮೊದಲು ಗುಸುಗುಸು. ಆಮೇಲೆ ಒಬ್ಬೊಬ್ಬರದೇ ದನಿ.

"ಯೇಸಪ್ಪಾ, ನಮ್ಮ ಎಮ್ಮೆ ಹಾಲು ಕೊಡ್ತಿಲ್ಲ. ಅಜ್ಜ ಅದನ್ನ ಮಾರ್ತಾನಂತೆ. ಮಾರೋದು ಬೇಡ ಅಂತ ಅಜ್ಜನ ಕನಸಲ್ಲಿ ಬಂದು ಹೇಳು."

"ಯೇಸಪ್ಪಾ, ನಮ್ಮ ತಮ್ಮ ಹುಟ್ಟಿದಾನೆ. ಚೆನ್ನಾಗಿಲ್ಲ. ಆದ್ರೂ ಇರಲಿ."

"ಯೇಸಪ್ಪಾ, ಶುಕ್ರವಾರದ ಮ್ಯಾಚಲ್ಲಿ ನಮ್ಮವರು ಗೆಲ್ಲಲಿ. ಮಿಲಾದನ ಟೀಮ್ ಗೆದ್ರೆ ನಾನು ನಿನ್ ಹತ್ರ ಮಾತು ಬಿಡ್ತೀನಿ."

ಮಕ್ಕಳು ನಗುತ್ತಿದ್ದವು. ಕಿಟಕಿಯ ಬಳಿ ಇನ್ಸಾಫಳ ಬೆನ್ನೂ ಕುಲುಕುತ್ತಿತ್ತು. ಯಾವ ಮಗುವಿನ ಮಾತನ್ನೂ ಅವಳು ತಿದ್ದುತ್ತಿರಲಿಲ್ಲ. ಒಮ್ಮೆ ಓಲ್ಗಾ ಇದೇನೆಂದು ಕೇಳಿದ್ದಕ್ಕೆ, "ಹೇಗೆ ಮಾತಾಡ್ಬೇಕು ಅಂತ ದೊಡ್ಡವರಾದ ಮೇಲೆ ಕಲೀತಾರೆ ಮದಾಮ್. ಮಾತಾಡಬಹುದು ಅನ್ನೋದನ್ನ ಈಗಲೇ ಕಲೀಬೇಕು," ಅಂದಿದ್ದಳು.

ಚಳಿಗಾಲದ ಒಂದು ಬುಧವಾರ ಮೂರನೇ ಬೆಂಚಿನ ಹಿಲಾನಾ ಎದ್ದು ನಿಂತಳು. ಕಂಟ್ರಾಕ್ಟರ್ ನಸೀಫನ ಮಗಳು. ಶಾಲೆಗೆ ಮೇಲಿನ ಮಹಡಿ ಕಟ್ಟಿಸಿಕೊಟ್ಟವನು, ಚರ್ಚಿನ ಸಮಿತಿಯ ಅಧ್ಯಕ್ಷನೂ ಹೌದು.

"ಯೇಸಪ್ಪಾ, ಗುರುವಾರ ಬರದ ಹಾಗೆ ಮಾಡು."

ಇಡೀ ತರಗತಿ ಗೊಳ್ಳೆಂದಿತು. ಗುರುವಾರ ಬೇಡವೆನ್ನುವ ಮಗು ಎಲ್ಲಾದರೂ ಉಂಟೆ? ಗುರುವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಶುಕ್ರವಾರ ರಜೆ. "ಲೇ, ಇವಳಿಗೆ ರಜೆ ಬೇಡವಂತೆ!" ಎಂದು ಹಿಂದಿನಿಂದ ಯಾರೋ ಕೂಗಿದರು. ಹಿಲಾನಾ ಮಾತ್ರ ನಗಲಿಲ್ಲ. ಇನ್ನೊಂದು ಸಲ, ಮೊದಲ ಸಲ ಅವನಿಗೆ ಕೇಳಿಸಲಿಲ್ಲವೇನೋ ಎಂಬಂತೆ ಜೋರಾಗಿ, "ಬರದ ಹಾಗೆ ಮಾಡು," ಅಂದಳು.

ಆ ದಿನ ಮೊದಲ ಸಲ ಇನ್ಸಾಫ್ ಕಿಟಕಿಯಿಂದ ತಿರುಗಿದಳು.

ಸಂಜೆ ಅವಳು ಓಲ್ಗಾ ಅವರ ಕೋಣೆಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. "ಅವಳನ್ನ ಒಬ್ಬಳೇ ಕೂರಿಸ್ಕೊಂಡು ಕೇಳಿದೆ ಮದಾಮ್. ವಾರವೆಲ್ಲ ಅಪ್ಪ ಕೆಲಸದ ಮೇಲೆ ಮಿನ್ಯಾ ಪಟ್ಟಣದಲ್ಲಿ ಇರ್ತಾನಂತೆ. ಗುರುವಾರ ಸಂಜೆ ಮನೆಗೆ ಬರ್ತಾನೆ. 'ಅಪ್ಪ ಬಂದ್ರೆ ಅಮ್ಮ ಬೀಳ್ತಾಳೆ' ಅಂತಾಳೆ. ಅವಳ ತೋಳು ನೋಡಿದೆ. ಅಮ್ಮ ಒಬ್ಬಳೇ ಬೀಳೋದಲ್ಲ."

"ಮಗು ಮಾತು," ಅಂದರು ಓಲ್ಗಾ.

"ತೋಳು ನೋಡಿದೆ ಅಂದ್ನಲ್ಲ."

"ಮಗು ಅಂದ ಮೇಲೆ ಬೀಳ್ತಾರೆ, ಏಳ್ತಾರೆ. ನಸೀಫ್ ಯಾರು ಅಂತ ನಿನಗೆ ಗೊತ್ತಿಲ್ವಾ?"

"ಅಬೂನಾ ಹತ್ರ ಹೋಗಿ ಹೇಳ್ಬಿಡೋಣ. ನೀವೂ ಬನ್ನಿ. ನೀವು ಬಂದ್ರೆ ನಂಬ್ತಾರೆ."

ಓಲ್ಗಾ ನಾಳೆ ನೋಡೋಣ ಅಂದರು. ಆದರೆ ಮಕ್ಕಳ ಬಾಯಿ ನಾಳೆಗೆ ಕಾಯಲಿಲ್ಲ. ಹಿಲಾನಾಳ ಗುರುವಾರದ ಮಾತು ಆ ರಾತ್ರಿಯೇ ಇಪ್ಪತ್ತು ಮನೆಗಳಲ್ಲಿ ನಗೆಯ ಮಾತಾಯಿತು, ಕೆಲವು ಮನೆಗಳಲ್ಲಿ ನಗೆಯಲ್ಲದ ಮಾತೂ ಆಯಿತು. ಶನಿವಾರ ಬೆಳಿಗ್ಗೆ ನಸೀಫ್ ಇಸ್ತ್ರಿ ಮಾಡಿದ ಸೂಟು ತೊಟ್ಟು ಬಂದು ಓಲ್ಗಾ ಅವರ ಎದುರು ಕೂತ. ಕೂಗಾಡಲಿಲ್ಲ. ಕಾಫಿ ಕುಡಿದ. "ನಾನು ಮಗಳನ್ನ ಪ್ರಾರ್ಥನೆ ಕಲೀಲಿ ಅಂತ ಕಳಿಸ್ತೀನಿ ಮದಾಮ್, ಮನೆ ವಿಷಯ ಬೀದಿಗೆ ತರೋಕಲ್ಲ. ನಮ್ಮ ಹಿರಿಯರು ಬರೆದಿಟ್ಟ ಪ್ರಾರ್ಥನೆಗಳು ಸಾಲ್ದಾ?" ಅಂದ.

ಓಲ್ಗಾ ಇನ್ಸಾಫಳನ್ನು ಕರೆಸಿದರು. ನಾಳೆಯಿಂದ ಧರ್ಮದ ಪಾಠದಲ್ಲಿ ಪುಸ್ತಕದ ಪ್ರಾರ್ಥನೆ ಮಾತ್ರ, ಬಾಯಿಪಾಠ ಮಾತ್ರ. ಅಬೂನಾ ಹತ್ತಿರ ಹೋಗುವ ಮಾತು ಇಲ್ಲ. ಶಾಲೆಯ ಹೆಸರು, ಮುನ್ನೂರು ಮಕ್ಕಳು, ಎಲ್ಲ ಹೇಳಿದರು. ಇನ್ಸಾಫ್ ಎದುರಾಡುತ್ತಾಳೆ ಎಂದುಕೊಂಡಿದ್ದರು. ಅವಳು ನೆಲ ನೋಡುತ್ತ, "ಆಯ್ತು ಮದಾಮ್," ಅಂದಳು.

ಆ ವರ್ಷವೇ ಶಾಲೆ ಮೊದಲ ಸಲ ಬಾಯಿಪಾಠ ಸ್ಪರ್ಧೆ ಗೆದ್ದಿತು.

*

ಗಂಡಸರು ಸ್ಮಶಾನಕ್ಕೆ ಹೋದರು. ಹೆಂಗಸರು ಸುವಾದಳ ಮನೆಯಲ್ಲಿ ಗೋಡೆಗುಂಟ ಇಟ್ಟ ಕುರ್ಚಿಗಳಲ್ಲಿ ಕೂತರು. ಸಕ್ಕರೆ ಹಾಕದ ಕಾಫಿ ಬಂತು. ಬಂದವರು ಬರುತ್ತಿದ್ದರು, ಹೋಗುವವರು ಹೋಗುತ್ತಿದ್ದರು. ಪಕ್ಕದ ಮನೆಯವಳು, "ಕಂಟ್ರಾಕ್ಟರ್ ನಸೀಫ್ ತೀರಿಕೊಂಡಾಗ ಜನ ಬೀದಿ ತುದಿವರೆಗೂ ಇದ್ರು. ಬಿಷಪ್ಪರೇ ಬಂದಿದ್ರು. ಪಾಪ, ಇವಳಿಗೆ ಯಾರು ಬರ್ತಾರೆ," ಅಂದಳು. ಕರೀಮಾ ಅವಳ ಕಡೆ ತಿರುಗಿ, "ಅವನಿಗೆ ಬಂದವರಲ್ಲಿ ಎಷ್ಟು ಜನ ಅತ್ತರು? ಅದನ್ನೂ ಹೇಳಮ್ಮ," ಅಂದರು.

ಓಲ್ಗಾ ಅವರಿಗೆ ಸೆಕೆಯಾಗಿ ನೀರು ಬೇಕೆನಿಸಿತು. ಅಡುಗೆಮನೆಗೆ ಹೋದರೆ ತೊಟ್ಟಿಯ ಮುಂದೆ ಒಬ್ಬ ಹೆಂಗಸು ತೋಳು ಮಡಿಸಿಕೊಂಡು ಕಾಫಿ ಬಟ್ಟಲು ತೊಳೆಯುತ್ತಿದ್ದಳು. ನೆಲದ ಮೇಲೆ ಆರು ವರ್ಷದ ಹುಡುಗಿ ತೊಳೆದ ಬಟ್ಟಲುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

"ಕೂತ್ಕೊಳ್ಳಿ ಮದಾಮ್," ಎಂದು ಅವಳು ಸ್ಟೂಲು ಎಳೆದು ಕೊಟ್ಟಳು. "ಗುರುತು ಸಿಗಲಿಲ್ಲ ಅಲ್ವಾ? ಹಿಲಾನಾ. ನಸೀಫನ ಮಗಳು. ಇವಳು ನನ್ನ ಮಗಳು, ಜೊವಾನಾ."

ಓಲ್ಗಾ ನೀರಿನ ಲೋಟ ಕೈಯಲ್ಲೇ ಹಿಡಿದುಕೊಂಡರು. "ಮಿನ್ಯಾದಲ್ಲಿ ಇದೀಯಾ?"

"ಆಸ್ಪತ್ರೇಲಿ ನರ್ಸು. ಇನ್ಸಾಫ್ ಅಬ್ಲಾ ಕೊನೇ ತಿಂಗಳು ನಮ್ಮ ವಾರ್ಡಲ್ಲೇ ಇದ್ರು."

"ಗೊತ್ತಿರಲಿಲ್ಲ."

"ಯಾರಿಗೂ ಹೇಳ್ಬೇಡ ಅಂದಿದ್ರು. ನಿಮಗಂತೂ ಹೇಳ್ಲೇಬೇಡ ಅಂದ್ರು. ಮದಾಮ್ ಈ ವಯಸ್ಸಲ್ಲಿ ಮೈಕ್ರೋಬಸ್ ಹತ್ತಿ ಬರ್ತಾರೆ, ಬಂದು ಡಾಕ್ಟರಿಗೆ ಬೈತಾರೆ ಅಂದ್ರು." ಹಿಲಾನಾ ಸಣ್ಣಗೆ ನಕ್ಕಳು. ಮತ್ತೊಂದು ಬಟ್ಟಲು ತೊಳೆದಳು. "ಚರ್ಚಲ್ಲಿ ಹೇಳಿದ್ರಲ್ಲ, ಒಂದು ಮಗುನೂ ಒಂದು ವಚನಾನೂ ಮರೆತಿಲ್ಲ ಅಂತ. ನಿಜ. ನಾನಂತೂ ಮರೆತಿಲ್ಲ."

"ನೀನು?" ಓಲ್ಗಾ ಅವರಿಗೆ ನೆನಪಾಯಿತು. "ನಿನಗೆ ಬಾಯಿಪಾಠವೇ ಬರ್ತಿರಲಿಲ್ಲ. ಆರು ವರ್ಷದಲ್ಲಿ ಒಂದ್ಸಲಾನೂ ತಂಡಕ್ಕೆ ಸೇರಲಿಲ್ಲ. ನಿನಗೋಸ್ಕರ ಇನ್ಸಾಫ್ ವಾರವಾರ ಮನೆಗೆ ಬಂದು ಹೇಳಿಕೊಡ್ತಿದ್ದಳು. ಒಬ್ಬ ದಡ್ಡಿಗೆ ಯಾಕಿಷ್ಟು ಅಂತ ನಾನೇ ರೇಗಿದ್ದೆ."

"ಯಾವ ವಾರ ಬರ್ತಿದ್ರು ಅಂತ ನೆನಪಿದೆಯಾ ಮದಾಮ್?"

ನಲ್ಲಿಯಿಂದ ನೀರು ಸುರಿಯುತ್ತಿತ್ತು.

"ಗುರುವಾರ," ಅಂದಳು ಹಿಲಾನಾ. "ಐದು ಗಂಟೆಗೆ ಬರೋರು. ಅಪ್ಪ ಬರೋಕೆ ಮೊದಲೇ ಬಂದು ಮುಂದಿನ ಕೋಣೇಲಿ ಕೂತಿರೋರು. 'ಹಿಲಾನಾ ಹಿಂದೆ ಬಿದ್ದಿದಾಳೆ ನಸೀಫ್ ಸಾಹೇಬ್ರೇ, ಸ್ಪರ್ಧೆ ಹತ್ರ ಬಂತು' ಅಂತ ಹೇಳೋರು. ಅಬ್ಲಾ ಕೂತಿರುವಾಗ ಅಪ್ಪ ಏನು ಮಾಡ್ತಾನೆ? ಸೂಟಲ್ಲೇ ಕೂರಬೇಕು, ಚಹಾ ಕುಡೀಬೇಕು, ನಗ್ತಾ ಇರಬೇಕು. ಒಂಬತ್ತು ಗಂಟೆವರೆಗೂ ಏಳ್ತಿರಲಿಲ್ಲ. ಅಷ್ಟೊತ್ತಿಗೆ ಅವನಿಗೆ ನಿದ್ದೆ ಬಂದಿರ್ತಿತ್ತು. ನನಗೆ ವಚನ ಒಂದೇ ಸಲಕ್ಕೆ ಬರ್ತಿತ್ತು. ಅಬ್ಲಾ ಪುಸ್ತಕ ಅಡ್ಡ ಹಿಡಿದು, 'ಮರೆತುಹೋಯ್ತು ಅನ್ನು, ಇನ್ನೊಂದ್ಸಲ ಶುರುಮಾಡೋಣ' ಅಂತ ಪಿಸುಗುಟ್ಟೋರು. ಆರು ವರ್ಷ ನಾನು ಮರೀತಾನೇ ಇದ್ದೆ."

ಓಲ್ಗಾ ಲೋಟವನ್ನು ಕಟ್ಟೆಯ ಮೇಲಿಟ್ಟರು. "ನನಗೆ ಒಂದು ಮಾತು ಹೇಳಬಹುದಿತ್ತು ಅವಳು."

"ಹೇಳಿದ್ರೆ ನಿಲ್ಲಿಸ್ತಾರೆ ಅಂದ್ಕೊಂಡಿದ್ರು."

ಹೊರಗೆ ಕುರ್ಚಿ ಸರಿಸಿದ ಸದ್ದು, ಹೊಸದಾಗಿ ಬಂದ ಯಾರದೋ ಅಳು ಕೇಳಿಸಿತು. ಹಿಲಾನಾ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಮಾತಿನ ಉಳಿದದ್ದನ್ನು ಹೇಳಲೋ ಬೇಡವೋ ಎಂಬಂತೆ ಮಗಳನ್ನು ನೋಡಿದಳು. "ಜೊವಾನಾ, ಈ ಬಟ್ಟಲು ತಗೊಂಡ್ಹೋಗಿ ಸುವಾದ್ ಅಜ್ಜಿಗೆ ಕೊಡು. ಓಡಬೇಡ." ಹುಡುಗಿ ಹೋದ ಮೇಲೆ ದನಿ ತಗ್ಗಿಸಿದಳು.

"ನಾನು ನಾಲ್ಕನೇ ತರಗತೀಲಿದ್ದಾಗ ನೀವು ಶಿಕ್ಷಕರ ಸಭೇನ ಗುರುವಾರ ಸಂಜೆಗೆ ಹಾಕಿದ್ರಿ."

ಓಲ್ಗಾ ಅವರಿಗೆ ಚೆನ್ನಾಗಿ ನೆನಪಿತ್ತು. ವಾರದ ಕೆಲಸ ವಾರದಲ್ಲೇ ಮುಗಿಯಬೇಕೆಂದು ತಾವೇ ಹಾಕಿದ ನಿಯಮ. ಎಲ್ಲರೂ ಗೊಣಗಿದ್ದರು.

"ಮೂರು ವಾರ ಅಬ್ಲಾ ನಿಮ್ಮ ಸಭೆಗೆ ಬಂದ್ರು. ಮೂರನೇ ವಾರ ಅಮ್ಮನ ಬಲಗಿವಿ ಹೋಯ್ತು."

ಹಿಲಾನಾಳ ತಾಯಿಯನ್ನು ಓಲ್ಗಾ ಎಷ್ಟೋ ಸಲ ಚರ್ಚಿನಲ್ಲಿ ಕಂಡಿದ್ದರು. ಎಡಗಡೆಯಿಂದ ಮಾತಾಡಿಸಿ ಎಂದು ನಗುತ್ತ ಕೆನ್ನೆ ತಿರುಗಿಸುತ್ತಿದ್ದಳು. ಯಾವುದೋ ಜ್ವರದಿಂದ ಹಾಗಾಯಿತು ಎಂದು ಊರೆಲ್ಲ ತಿಳಿದಿತ್ತು.

"ಆಮೇಲೆ ಇನ್ಸಾಫ್ ಸಭೆಗೆ ಬರಲೇ ಇಲ್ಲ," ಎಂದು ಓಲ್ಗಾ ತಮಗೆ ತಾವೇ ಅಂದುಕೊಂಡ ಹಾಗೆ ಅಂದರು. "ಕಾರಣ ಕೇಳಿದರೆ ಹೇಳ್ಲಿಲ್ಲ. ನಾನು ನೋಟಿಸು ಬರೆದುಕೊಟ್ಟೆ. ಉಪಮುಖ್ಯೋಪಾಧ್ಯಾಯಿನಿ ಸ್ಥಾನ ಅವಳಿಗೆ ಬರಬೇಕಿತ್ತು, ಬೇರೆಯವರಿಗೆ ಕೊಟ್ಟೆ. ಸಹಿ ಹಾಕಿ, ಆಯ್ತು ಮದಾಮ್ ಅಂದು ಹೋದಳು." ಮತ್ತೆ, "ಅವಳು ಗುರುವಾರ ಬರ್ತಿದ್ದದ್ದರಿಂದ ನಿಮಗೆ..." ಎಂದು ತಡೆದರು.

"ಗುರುವಾರ ಹೊಡೀತಿರಲಿಲ್ಲ," ಅಂದಳು ಹಿಲಾನಾ. "ಶುಕ್ರವಾರ ಹೊಡೀತಿದ್ದ. ಆದ್ರೆ ಶುಕ್ರವಾರ ರಜೆ ಅಲ್ವಾ, ಚರ್ಚು, ನೆಂಟರು, ಊಟ, ಹೊತ್ತು ಕಡಿಮೆ ಸಿಗ್ತಿತ್ತು. ಅಷ್ಟೇ ಮದಾಮ್. ಜಾಸ್ತಿ ಏನಿಲ್ಲ. ಅಬ್ಲಾಗೂ ಅದು ಗೊತ್ತಿತ್ತು."

ಓಲ್ಗಾ ಅವಳ ಒದ್ದೆ ಕೈ ಹಿಡಿದರು. "ಹಿಲಾನಾ. ನನ್ನನ್ನ ಕ್ಷಮಿ..."

"ಬೇಡ ಮದಾಮ್." ಅವಳು ಕೈ ಬಿಡಿಸಿಕೊಳ್ಳಲಿಲ್ಲ, ದನಿಯಲ್ಲಿ ಕೋಪವೂ ಇರಲಿಲ್ಲ. "ಅಬ್ಲಾನೂ ಇದನ್ನೇ ಕೇಳಿದ್ರು. ಅವರಿಗೆ ಏನು ಹೇಳ್ಬೇಕು ಅಂತಾನೇ ನನಗೆ ಗೊತ್ತಾಗಲಿಲ್ಲ. ನಿಮಗೇನು ಹೇಳ್ಲಿ?"

*

ಆಸ್ಪತ್ರೆಯಲ್ಲಿ ಅದು ನಡೆದದ್ದು ಸಾಯುವುದಕ್ಕೆ ಹನ್ನೊಂದು ದಿನ ಮೊದಲು, ಮಧ್ಯಾಹ್ನದ ಊಟದ ಗಾಡಿ ಹೋದ ಮೇಲೆ. ಇನ್ಸಾಫ್ ಮೊಸರನ್ನು ಎರಡು ಚಮಚ ತಿಂದು ಸಾಕೆಂದಿದ್ದಳು. ಹಿಲಾನಾ ಅವಳ ದಿಂಬು ಸರಿಮಾಡುತ್ತಿದ್ದಳು.

"ಒಂದು ಕೇಳ್ತೀನಿ, ನಿಜ ಹೇಳ್ಬೇಕು," ಅಂದಳು ಇನ್ಸಾಫ್. "ಇನ್ಮೇಲೆ ನಮ್ಮ ಮಾತು ಬೇಡ, ಪುಸ್ತಕದ ಮಾತು ಸಾಕು ಅಂತ ನಾನು ತರಗತೀಲಿ ಹೇಳಿದ ದಿನ, ನೀನೊಂದು ಪ್ರಶ್ನೆ ಕೇಳಿದ್ದೆ. ನೆನಪಿದೆಯಾ?"

"ಇಲ್ಲ ಅಬ್ಲಾ."

"ನನಗಿದೆ. 'ಯೇಸಪ್ಪನಿಗೆ ನನ್ನ ಮೇಲೆ ಕೋಪ ಬಂತಾ?' ಅಂದೆ. ನಾನು ಉತ್ತರ ಕೊಡಲಿಲ್ಲ. ಪುಸ್ತಕ ತೆಗೀರಿ, ಹನ್ನೆರಡನೇ ಪುಟ, ಅಂದೆ." ಅವಳ ಉಸಿರು ಸಣ್ಣದಾಯಿತು. "ಕೋಪ ಬಂದಿಲ್ಲ ಕಂದಾ ಅನ್ನೋದಕ್ಕೆ ಎಷ್ಟು ಹೊತ್ತು ಬೇಕಿತ್ತು? ಮೂರು ಮಾತು. ಮದಾಮ್ ಅದನ್ನ ಬೇಡ ಅಂದಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ನನ್ನನ್ನ ಕ್ಷಮಿಸ್ತೀಯಾ?"

"ನೀವು ಗುರುವಾರ ಬರ್ತಿದ್ರಲ್ಲ ಅಬ್ಲಾ."

"ಬಂದು ಏನು ಮಾಡಿದೆ? ಬಾಗಿಲಿಗೆ ಅಡ್ಡ ಕೂತೆ. ಅಬೂನಾ ಹತ್ರ ಹೋಗೋ ಧೈರ್ಯ ಇಲ್ದೆ, ಕೂತೆ. ಕೂರೋದು ಸುಲಭ." ಸ್ವಲ್ಪ ಸುಧಾರಿಸಿಕೊಂಡು, "ನೀನೀಗ ಪ್ರಾರ್ಥನೆ ಮಾಡ್ತೀಯಾ?" ಅಂದಳು.

"ದಿನಾ ಮಾಡ್ತೀನಿ," ಎಂದು ಹಿಲಾನಾ ಸುಳ್ಳು ಹೇಳಿದಳು.

"ಹಾಗಾದ್ರೆ ಈಗ ಒಂದು ಮಾಡು. ನಿನ್ನದೇ ಮಾತಲ್ಲಿ. ಆವಾಗಿನ ಹಾಗೆ. ನಾನು ಆ ಕಡೆ ತಿರುಗ್ತೀನಿ."

ಕಷ್ಟಪಟ್ಟು ಇನ್ಸಾಫ್ ಗೋಡೆಯ ಕಡೆ ಹೊರಳಿದಳು. ಹಿಲಾನಾ ಹಾಸಿಗೆಯ ಅಂಚಿನಲ್ಲಿ ಕೂತಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಅಬ್ಲಾಗೆ ನೋವು ಕಡಿಮೆಯಾಗಲಿ ಎನ್ನಬಹುದಿತ್ತು. ತನಗೆ ದಣಿವಾಗಿದೆ ಎನ್ನಬಹುದಿತ್ತು. ಮಾತು ನಾಲಿಗೆಯವರೆಗೆ ಬಂದು, ಯಾರ ಮುಂದೆ ನಿಂತಿದ್ದೇನೆ, ಇದನ್ನು ಹೀಗೆ ಹೇಳಬಹುದೇ ಎಂದು ಹಿಂದಕ್ಕೆ ಹೋಗುತ್ತಿತ್ತು. ಗೋಡೆಯ ಕಡೆ ತಿರುಗಿದ ಬೆನ್ನು ಕಾಯುತ್ತಿತ್ತು. ಕೊನೆಗೆ ಅವಳ ಬಾಯಿಂದ ತಾನೇ ತಾನಾಗಿ ಹೊರಟದ್ದು 'ಕರ್ತನೇ ನನ್ನ ಕುರುಬನು' ಎಂಬ ಬಾಯಿಪಾಠದ ಕೀರ್ತನೆ. ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ತಪ್ಪದೆ, ಉಸಿರು ತೆಗೆದುಕೊಳ್ಳುವಲ್ಲೇ ಉಸಿರು ತೆಗೆದುಕೊಂಡು ಹೇಳಿ ಮುಗಿಸಿದಳು.

"ಚೆನ್ನಾಗಿ ಹೇಳಿದೆ," ಅಂದಳು ಇನ್ಸಾಫ್. ತಿರುಗಲಿಲ್ಲ. ಅವಳ ಭುಜ ಅಲುಗುತ್ತಿತ್ತು. ಅದು ನಗುವಲ್ಲ ಎಂದು ತಿಳಿಯಲು ಹಿಲಾನಾಗೆ ಮುಖ ನೋಡಬೇಕಾಗಿರಲಿಲ್ಲ.

*

ನಾಲ್ಕು ಗಂಟೆಗೆ ಸ್ಮಶಾನದಿಂದ ಅಬೂನಾ ಲೂಕಾ ನೇರವಾಗಿ ಮನೆಗೆ ಬಂದರು. ಶೂಗಳ ಮೇಲೆ ಮರುಭೂಮಿಯ ಹಳದಿ ಮಣ್ಣು ಮೆತ್ತಿಕೊಂಡಿತ್ತು. ಹೆಂಗಸರೆಲ್ಲ ಎದ್ದು ನಿಂತರು. ಓಲ್ಗಾ ಅಡುಗೆಮನೆಯಿಂದ ಬಂದು ಕುರ್ಚಿಗಳ ಸಾಲಿನ ಕೊನೆಗೆ ನಿಂತರು. ಅವರ ಮುಖ ನೋಡಿ ಕರೀಮಾ, "ಮದಾಮ್, ಕೂತ್ಕೊಳ್ಳಿ, ನಿಮಗೆ ಆಗ್ತಿಲ್ಲ," ಅಂದರು. ಓಲ್ಗಾ ತಲೆಯಲ್ಲಾಡಿಸಿದರು.

ಅಬೂನಾ ಪ್ರಾರ್ಥನೆ ಶುರುಮಾಡಿದರು. ಎಲ್ಲರಿಗೂ ಗೊತ್ತಿದ್ದ ಮಾತುಗಳು, ಎಲ್ಲರ ತುಟಿಗಳೂ ಜೊತೆಗೆ ಆಡತೊಡಗಿದವು. ಓಲ್ಗಾ ಅವರ ತುಟಿಗಳೂ ಅಭ್ಯಾಸದಂತೆ ಎರಡು ಸಾಲು ಆಡಿದವು, ಮೂರನೆಯದರಲ್ಲಿ ನಿಂತವು. ಅವರ ಎದುರಿಗೆ ಹಿಲಾನಾ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಕಣ್ಣು ಮುಚ್ಚಿದ್ದಳು.

"ಅಮ್ಮಾ," ಅಂದಳು ಜೊವಾನಾ, ಇಡೀ ಕೋಣೆಗೆ ಕೇಳುವ ಹಾಗೆ. "ಅಬ್ಲಾ ಒಬ್ಬರೇ ಹೋದ್ರಾ?"

"ಶ್..." ನಾಲ್ಕು ಕಡೆಯಿಂದ ಬಂತು. ಸುವಾದ್ ಕಣ್ಣು ದೊಡ್ಡದು ಮಾಡಿದಳು. ಹಿಲಾನಾ ಮಗಳ ಬಾಯಿಯ ಮೇಲೆ ಕೈ ಇಟ್ಟಳು. ಓಲ್ಗಾ ಅವರ ತೋರುಬೆರಳೂ ತನ್ನಷ್ಟಕ್ಕೆ ತುಟಿಗೆ ಹೋಗಿತ್ತು. ನಲವತ್ತು ವರ್ಷ ಅಂಗಳದಲ್ಲಿ, ಸಾಲಿನಲ್ಲಿ, ಚರ್ಚಿನಲ್ಲಿ ಮಕ್ಕಳನ್ನು ಸುಮ್ಮನಿರಿಸಿದ ಬೆರಳು. ಅವರು ಅದನ್ನು ನೋಡಿದರು. ಕೆಳಗಿಳಿಸಿದರು.

"ಏನಂದೆ?" ಎಂದು ಹುಡುಗಿಯನ್ನು ಕೇಳಿದರು.

ಮಗು ಬೆದರಿ ಅಮ್ಮನ ಲಂಗದ ಹಿಂದೆ ಸರಿಯಿತು. ಓಲ್ಗಾ ಕೈಗೋಲನ್ನು ಗೋಡೆಗೆ ಒರಗಿಸಿದರು. ಕುರ್ಚಿಯ ಬೆನ್ನು ಹಿಡಿದು, ಒಂದು ಮಂಡಿ ಊರಿ,  ಇನ್ನೊಂದನ್ನು ಊರಲಾಗದೆ ತಡೆದು, ಕೊನೆಗೆ ದೊಪ್ಪನೆ ನೆಲದ ಮೇಲೆ ಕೂತರು. ಕಪ್ಪು ಉಡುಪು ಸುತ್ತಲೂ ಹರಡಿತು. "ಅಯ್ಯೋ, ಬಿದ್ರು, ಹಿಡೀರಿ!" ಎಂದು ಯಾರೋ ಅಂದರು. "ಬಿದ್ದಿಲ್ಲ," ಅಂದರು ಓಲ್ಗಾ. "ಬಾ ಇಲ್ಲಿ ಜೊವಾನಾ. ಇನ್ನೊಂದ್ಸಲ ಹೇಳು. ಕೋಪ ಮಾಡ್ಕೊಳಲ್ಲ."

ಹಿಲಾನಾ ಮಗಳ ಬಾಯಿಂದ ಕೈ ತೆಗೆದಳು. ಮಗು ಒಂದೊಂದೇ ಹೆಜ್ಜೆ ಇಟ್ಟು ಬಂದು, ಮುದುಕಿಯ ಕುತ್ತಿಗೆಗೆ ತೋಳು ಹಾಕಿ, ಕಿವಿಗೆ ಬಾಯಿಟ್ಟು ಮಾತಾಡತೊಡಗಿತು. ಒಂದು ಪ್ರಶ್ನೆಯಲ್ಲ, ಬಹಳ ಇತ್ತು. ನಡುನಡುವೆ ನೆನಪಿಸಿಕೊಳ್ಳಲು ನಿಲ್ಲುತ್ತಿತ್ತು, ಮತ್ತೆ ಶುರುಮಾಡುತ್ತಿತ್ತು. ಓಲ್ಗಾ ಕಣ್ಣು ಮಿಟುಕಿಸದೆ ಎದುರಿನ ಗೋಡೆಯ ಬುಡ ನೋಡುತ್ತ ಕೇಳುತ್ತಿದ್ದರು.

ಪ್ರಾರ್ಥನೆ ಮುಗಿಯಿತು. ಆಮೆನ್ ಎಂದು ಎಲ್ಲರೂ ಅಂದರು. ಅಬೂನಾ ಕೈಶಿಲುಬೆ ಹಿಡಿದು ಸಾಲಿನುದ್ದಕ್ಕೂ ಬಂದರು. ಒಬ್ಬೊಬ್ಬರೂ ಬಾಗಿ ಮುತ್ತಿಟ್ಟರು. ಕೊನೆಗೆ ಅವರು ಮದಾಮ್ ಓಲ್ಗಾ ಅವರ ಮುಂದೆ ನಿಂತು, ಬಗ್ಗಿ, ಶಿಲುಬೆಯನ್ನು ಕೆಳಗೆ ಚಾಚಿದರು.

ಓಲ್ಗಾ ತಲೆಯೆತ್ತಲಿಲ್ಲ. ಒಂದು ಅಂಗೈಯನ್ನು ಮಾತ್ರ ಮೇಲೆತ್ತಿ, ತಡೆಯಿರಿ ಎಂದು ಪಾದ್ರಿಯ ಕಡೆಗೆ ಹಿಡಿದರು. ಅವರ ಕಿವಿಯ ಬಳಿ ಮಗು ಇನ್ನೂ ಹೇಳುತ್ತಲೇ ಇತ್ತು.